ನೀರಂಟದ ಪೊರೆ, ಉಪ್ಪಿಲ್ಲದ ನೀರು



ಈರುಳ್ಳಿ ಬೆಳೆಗೆ ಔಷಧ ಸಿಂಪಡಿಸುವಾಗ ದ್ರಾವಣಕ್ಕೆ ಸ್ವಲ್ಪ ಅಂಟು ಬೆರೆಸಬೇಕೆಂಬುದು ನಿಮಗೆ ತಿಳಿದ ವಿಷಯ. ಬೆರೆಸದಿದ್ದರೆ ಏನಾಗುತ್ತದೆ? ಹನಿಗಳು ಗುಂಡಗಾಗಿ ಎಲೆಯಿಂದ ಜಾರಿ ನೆಲಕ್ಕೆ ಬೀಳುತ್ತವೆ. ಔಷಧಕ್ಕೆ ಕೊಟ್ಟ ಹಣ ಮಣ್ಣುಪಾಲಾಗುತ್ತದೆ. ಈರುಳ್ಳಿ ಎಲೆಯ ಮೇಲೆ ಮೇಣದಂತಹ ತೆಳುವಾದ ಲೇಪವಿದೆ. ಅದು ನೀರನ್ನು ಹತ್ತಿರ ಸೇರಿಸುವುದಿಲ್ಲ. ಹೊಲದಲ್ಲಿ ನಮಗೆ ತೊಡಕಾಗುವ ಈ ಗುಣವನ್ನೇ ವಿಜ್ಞಾನಿಗಳು ಉಪ್ಪು ನೀರನ್ನು ಸಿಹಿನೀರು ಮಾಡುವ ಕೆಲಸಕ್ಕೆ ಹೂಡಿದ್ದಾರೆ. ಅದು ಹೇಗೆಂದು ನೋಡೋಣ.

ಆವಿಯಲ್ಲಿ ಉಪ್ಪಿಲ್ಲ

ಒಲೆಯ ಮೇಲೆ ಸಾರು ಕುದಿಯುವಾಗ ಮುಚ್ಚಳ ತೆಗೆದು ನೋಡಿರಿ. ಅದರ ಒಳಮೈಯಲ್ಲಿ ಹನಿಗಳು ಕಟ್ಟಿರುತ್ತವೆ. ಸಾರಿಗೆ ಎಷ್ಟೇ ಉಪ್ಪು ಹಾಕಿದ್ದರೂ, ಸಾರು ಚಿಮ್ಮಿರದಿದ್ದರೆ ಈ ಹನಿಗಳು ಸಪ್ಪೆಯಾಗಿಯೇ ಇರುತ್ತವೆ. ನೀರು ಆವಿಯಾಗಿ ಮೇಲೇಳುತ್ತದೆ. ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ.

ಕೊಳವೆ ಬಾವಿಯ ನೀರಿನಲ್ಲಿರುವ ಫ್ಲೋರೈಡಿಗೂ ಇದೇ ನ್ಯಾಯ. ಕೋಲಾರ, ತುಮಕೂರು, ಚಿತ್ರದುರ್ಗ ಮುಂತಾದ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಇದು ಹಲ್ಲು ಮೂಳೆಗಳನ್ನು ಕೆಡಿಸುತ್ತಿದೆ. ನೀರನ್ನು ಕುದಿಸಿ ಕುಡಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಆವಿಯನ್ನು ಹಿಡಿದು ತಣಿಸಿದರೆ ಮಾತ್ರ ಪ್ರಯೋಜನ.

ನಡುವೆ ಒಂದು ಪೊರೆ

ಈಗ ಒಂದು ತೆಳುವಾದ ಪೊರೆಯನ್ನು ಊಹಿಸಿಕೊಳ್ಳಿರಿ. ಅದರ ಒಂದು ಬದಿಗೆ ಬಿಸಿಯಾದ ಉಪ್ಪು ನೀರು, ಇನ್ನೊಂದು ಬದಿಗೆ ತಂಪು. ಪೊರೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಒಂದೊಂದೂ ಸುಮಾರು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು, ಇಲ್ಲವೆ ಅದಕ್ಕಿಂತ ಕಿರಿದು. ಪೊರೆ ನೀರಂಟದ ಜಾತಿಯದಾದ್ದರಿಂದ ನೀರು ತೂತಿನ ಬಾಯಲ್ಲೇ ನಿಲ್ಲುತ್ತದೆ. ಆವಿಗೆ ಅಡ್ಡಿಯಿಲ್ಲ. ಅದು ತೂತಿನಲ್ಲಿ ಹಾದು ತಂಪಾದ ಬದಿಯಲ್ಲಿ ಹನಿಯಾಗುತ್ತದೆ. ನೀರು ಕುದಿಯಲೂ ಬೇಕಿಲ್ಲ; ೫೦ರಿಂದ ೮೦ ಡಿಗ್ರಿ ಸೆಲ್ಸಿಯಸ್ ಶಾಖ ಸಾಕು.

ಈ ಕ್ರಮ ತೀರ ಹೊಸದಲ್ಲ. ೧೯೬೩ರಲ್ಲಿಯೇ ಅಮೆರಿಕದ ಬೋಡೆಲ್ ಎಂಬವರು ಇದಕ್ಕಾಗಿ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಆದರೆ ಒಳ್ಳೆಯ ಪೊರೆ ಸಿಗುವುದು ಆಗ ಕಷ್ಟವಾಗಿತ್ತು. ಇಂದು ಪ್ರಯೋಗಶಾಲೆಗಳಲ್ಲಿ ನಾರಿನ ಪೊರೆಗಳನ್ನು ಮಾಡುತ್ತಾರೆ. ಕರಗಿಸಿದ ಪ್ಲಾಸ್ಟಿಕ್ ದ್ರಾವಣವನ್ನು ಸೂಜಿಯ ಮೊನೆಯಿಂದ ಬಿಡುತ್ತ, ಸಾವಿರಾರು ವೋಲ್ಟ್ ವಿದ್ಯುತ್ತಿನಿಂದ ಎಳೆದರೆ, ರೇಷ್ಮೆ ಎಳೆಗಿಂತಲೂ ಬಹಳ ತೆಳುವಾದ ನೂಲು ಬರುತ್ತದೆ. ಆ ನೂಲು ಅಡ್ಡಾದಿಡ್ಡಿ ಹರಡಿ ಹಾಳೆಯಂತೆ ಕೂಡುತ್ತದೆ. ಎಳೆಗಳ ನಡುವೆ ಜಾಗ ಹೆಚ್ಚಾಗಿರುವುದರಿಂದ ಆವಿ ಸರಾಗವಾಗಿ ಹಾಯುತ್ತದೆ.

ಲೇಪದ ಗುಟ್ಟು

ತಾವರೆ ಎಲೆಯ ಮೇಲೆ, ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುವುದನ್ನು ನೀವು ಬಲ್ಲಿರಿ. ಇದಕ್ಕೆ ಮೇಣವೊಂದೇ ಕಾರಣವಲ್ಲ. ಎಲೆಯ ಮೈಮೇಲೆ ಸೂಕ್ಷ್ಮವಾದ ಉಬ್ಬುತಗ್ಗುಗಳಿವೆ. ಹನಿ ಉಬ್ಬುಗಳ ತುದಿಯ ಮೇಲೆ ಕುಳಿತು, ಕೆಳಗೆ ಗಾಳಿ ನಿಲ್ಲುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ಬಾರ್ತ್‌ಲೋಟ್ ಮತ್ತು ಅವರ ಸಹೋದ್ಯೋಗಿ ೧೯೯೭ರಲ್ಲಿ ತಾವರೆಯ ಈ ಗುಣವನ್ನು ವಿವರಿಸಿ ಬರೆದರು.

ನಾರಿನ ಪೊರೆಗೆ ಹಚ್ಚುವ ಲೇಪವೂ ಈ ಎರಡನ್ನೇ ಅನುಸರಿಸುತ್ತದೆ. ಸಿಲಿಕದ ನುಣುಪು ಪುಡಿಯಿಂದ ಎಳೆಗೆ ಉಬ್ಬುತಗ್ಗು. ಸಿಲಿಕೋನಿನಂತಹ ವಸ್ತುವಿನಿಂದ ಮೇಣದ ಗುಣ. ಲೇಪ ತೆಳುವಾಗಿರಬೇಕು, ದಪ್ಪವಾದರೆ ತೂತು ಮುಚ್ಚಿ ಆವಿಯೇ ಹಾಯದು. ಎಳೆಗೆ ಗಟ್ಟಿಯಾಗಿ ಹಿಡಿದಿರಲೂ ಬೇಕು; ಬಿಸಿನೀರಿಗೆ ಎದ್ದುಹೋದರೆ ಮಾಡಿದ್ದೆಲ್ಲ ವ್ಯರ್ಥ.

ಇನ್ನು ಶತ್ರು ಯಾವುದು? ಈರುಳ್ಳಿ ಎಲೆಗೆ ಔಷಧ ಹಿಡಿಸುವ ಅದೇ ಅಂಟು, ಸಾಬೂನು ಮತ್ತು ಎಣ್ಣೆ. ಕೆಸುವಿನ ಎಲೆಯ ಮೇಲೆ ಬರಿಯ ನೀರಿನ ಹನಿ ಹಾಕಿ, ಪಕ್ಕದಲ್ಲಿ ಸಾಬೂನು ನೀರಿನ ಹನಿ ಹಾಕಿ ನೋಡಿರಿ. ಮೊದಲನೆಯದು ಉರುಳುತ್ತದೆ, ಎರಡನೆಯದು ಹರಡುತ್ತದೆ. ಪೊರೆಯಲ್ಲಿಯೂ ಹೀಗೆ ತೂತುಗಳು ಒದ್ದೆಯಾದರೆ, ಆವಿಯ ದಾರಿಯಲ್ಲಿ ಉಪ್ಪು ನೀರೇ ಹರಿದು ಸಿಹಿನೀರನ್ನು ಕೆಡಿಸುತ್ತದೆ. ಎಣ್ಣೆ ಸಾಬೂನುಗಳನ್ನೂ ತಡೆಯಬಲ್ಲ ಲೇಪಗಳಿಗೆ ಫ್ಲೋರಿನ್ ಕೂಡಿದ ರಾಸಾಯನಿಕಗಳನ್ನು ಬಳಸುವುದುಂಟು. ಅಂಥವುಗಳಲ್ಲಿ ಹಲವು ಮಣ್ಣುನೀರಿನಲ್ಲಿ ಸೇರಿದರೆ ಬಹುಕಾಲ ಕೊಳೆಯದೆ ಉಳಿಯುತ್ತವೆ. ಆದುದರಿಂದ ಅವಿಲ್ಲದ ಲೇಪಕ್ಕಾಗಿ ಹುಡುಕಾಟ ನಡೆದಿದೆ.

ಲಾಭವೆಷ್ಟು, ಖರ್ಚೆಷ್ಟು?

ಈಗ ನಮ್ಮ ಊರುಗಳಲ್ಲಿರುವ ಶುದ್ಧ ನೀರಿನ ಘಟಕಗಳು ಹೆಚ್ಚಾಗಿ ಒತ್ತಡದಿಂದ ನೀರನ್ನು ಪೊರೆಯ ಮೂಲಕ ಹಿಂಡುತ್ತವೆ. ನೀರಿನ ಒಂದು ಪಾಲು ಸಿಹಿಯಾಗಿ ಬಂದರೆ, ಉಳಿದ ಪಾಲು ಇನ್ನೂ ಉಪ್ಪಾಗಿ ಹೊರಗೆ ಹೋಗುತ್ತದೆ. ಉಪ್ಪು ಏರಿದಂತೆಲ್ಲ ಒತ್ತಡವೂ ಏರಬೇಕು. ಆವಿಯ ಪೊರೆಗೆ ಅಂತಹ ಒತ್ತಡ ಬೇಡ. ಸಮುದ್ರದ ನೀರಿಗಿಂತ ಉಪ್ಪಾದ ನೀರಿನಿಂದಲೂ ಅದು ಸಿಹಿನೀರು ತೆಗೆಯಬಲ್ಲದು.

ಆದರೆ ಶಾಖದ ಖರ್ಚು ಭಾರಿ. ೧ ಲೀಟರ್ ನೀರನ್ನು ೨೦ ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಬೇಕಾದ ಶಾಖದ ಆರೇಳು ಪಟ್ಟು ಶಾಖ ಅದನ್ನು ಪೂರ್ತಿ ಆವಿ ಮಾಡಲು ಬೇಕು. ಅದರಲ್ಲಿ ಒಂದಂಶವನ್ನು ಹೊಸ ನೀರು ಕಾಯಿಸಲು ಮತ್ತೆ ಬಳಸಬಹುದು, ಎಲ್ಲವನ್ನೂ ಅಲ್ಲ. ಆದ್ದರಿಂದ ಬಿಸಿಲಿನ ಶಾಖವೋ ಕಾರ್ಖಾನೆಯಲ್ಲಿ ಪೋಲಾಗುವ ಶಾಖವೋ ಸಿಗುವ ಕಡೆಯೇ ಇದು ಹೊಂದುತ್ತದೆ. ಸ್ಪೇನ್ ದೇಶದ ಆಲ್ಮೇರಿಯಾದ ಸೌರಶಕ್ತಿ ಕೇಂದ್ರದಲ್ಲಿ ಬಿಸಿಲಿನಿಂದ ಇದನ್ನು ನಡೆಸಿ ಪರೀಕ್ಷಿಸಿದ್ದಾರೆ. ಹಳ್ಳಿಯ ಘಟಕಗಳಲ್ಲಿ ಇದು ಇನ್ನೂ ಬಳಕೆಗೆ ಬಂದಿಲ್ಲ.

ನೀವು ನೆನಪಿಡಬೇಕಾದುದು

೧. ಈಗಿನ ಘಟಕದ ಪೊರೆ ಬೇರೆ ಜಾತಿಯದು. ಅದು ಒದ್ದೆಯಾಗಿಯೇ ಇರಬೇಕು. ಅದಕ್ಕೆ ನೀರಂಟದ ಲೇಪ ಹಚ್ಚಿಸಿರೆಂದು ಯಾರಾದರೂ ಮಾರಲು ಬಂದರೆ ಹಣ ಕೊಡಬೇಡಿರಿ.

೨. ಪೊರೆ ಯಾವುದೇ ಇರಲಿ, ಹಾಳಾದರೆ ಹೊರಬರುವ ನೀರಿನಲ್ಲಿ ಉಪ್ಪಿನಂಶ ಏರುತ್ತದೆ. ಘಟಕದವರು ಅದನ್ನು ಅಳೆದು ಬರೆದಿಡುವರೇ ಎಂದು ಕೇಳಿರಿ.

೩. ಉಪ್ಪಿನಂಶ ಅಳೆಯುವ ಕೈಮೀಟರು ಫ್ಲೋರೈಡನ್ನು ಬೇರೆಯಾಗಿ ತೋರಿಸದು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ೧ ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ನೀರಿಲ್ಲದ ಕಡೆಯೂ ೧.೫ ಮಿಲಿಗ್ರಾಂ ದಾಟಬಾರದು. ಗ್ರಾಮ ಪಂಚಾಯಿತಿಯ ಮೂಲಕ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸಿರಿ.

ಹೊಲಕ್ಕೆ ಬಿತ್ತುವ ಬೀಜವನ್ನು ನೋಡದೆ ಕೊಳ್ಳುವವರಲ್ಲ ನೀವು. ಮಕ್ಕಳು ಕುಡಿಯುವ ನೀರನ್ನೂ ಹಾಗೆಯೇ ಕೇಳಿ, ನೋಡಿ, ಪರೀಕ್ಷಿಸಿ ತೆಗೆದುಕೊಳ್ಳಿರಿ.