ಮನೆಯ ಸರ್ವರಿನ ಬಯೋಸು: ಬದಲಿಸುವುದೋ, ಬಿಡುವುದೋ?

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರೆಂಬ ಗಾದೆ ನಮ್ಮ ಹಿರಿಯರದು. ನೆರೆ ಬರುವ ಮುನ್ನವೇ ಕಟ್ಟೆ ಕಟ್ಟಬೇಕೆಂಬ ವಿವೇಕವೂ ಅವರದೇ. ಮನೆಯ ಮೂಲೆಯಲ್ಲಿ ಹಗಲಿರುಳು ದುಡಿಯುವ ಸರ್ವರ್ ಗಣಕಕ್ಕೆ ಹೊಸ ಪ್ರೊಸೆಸರನ್ನು ಕೂಡಿಸಹೊರಟ ಗೃಹಸ್ಥನು ಈ ಎರಡು ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಮಕ್ಕಳ ಭಾವಚಿತ್ರಗಳು, ಮನೆಯ ಕಾಗದಪತ್ರಗಳು, ಅಜ್ಜಿಯ ಹಾಡಿನ ಧ್ವನಿಮುದ್ರಣ ಎಲ್ಲವೂ ಆ ಪೆಟ್ಟಿಗೆಯೊಳಗಿರುವಾಗ ಮದರ್‌ಬೋರ್ಡಿನ ಬಯೋಸನ್ನು ಮುಟ್ಟಲು ಕೈ ಹಿಂಜರಿಯುವುದು ಸಹಜವೇ ಸರಿ.

ಬಯೋಸು ಎಂದರೇನು?

ವಿದ್ಯುತ್ತು ಹರಿದೊಡನೆ ಗಣಕದಲ್ಲಿ ಮೊಟ್ಟಮೊದಲು ಎಚ್ಚರಗೊಳ್ಳುವ ಕ್ರಮವಿಧಿಯೇ ಬಯೋಸು. ಅದರ ನೆಲೆ ಡಿಸ್ಕಿನಲ್ಲಲ್ಲ; ಮದರ್‌ಬೋರ್ಡಿನ ಮೇಲಣ ಒಂದು ಪುಟ್ಟ ಚಿಪ್ಪಿನಲ್ಲಿ. ಪ್ರೊಸೆಸರನ್ನು ಗುರುತಿಸಿ, ಮೆಮೊರಿಯನ್ನು ಅಣಿಗೊಳಿಸಿ, ಡಿಸ್ಕನ್ನು ಹುಡುಕಿ, ಆಮೇಲೆ ಅದು ಲಿನಕ್ಸಿಗೋ ವಿಂಡೋಸಿಗೋ ಅಧಿಕಾರವನ್ನೊಪ್ಪಿಸುತ್ತದೆ. ೧೯೮೧ರ ಐಬಿಎಂ ಪಿಸಿಯಲ್ಲಿ ಇದನ್ನು ಅಳಿಸಲಾಗದ ಚಿಪ್ಪಿನಲ್ಲಿ ಇರಿಸಿದ್ದರು. ಮುಂದೆ ಫ್ಲ್ಯಾಶ್ ಚಿಪ್ಪು ಬಂದು, ಅಳಿಸಿ ಬರೆಯುವ ಸೌಲಭ್ಯ ದೊರೆಯಿತು. ಅದರ ಬೆನ್ನಿಗೇ ಅಪಾಯವೂ ಬಂದಿತು. ೧೯೯೯ರ ಏಪ್ರಿಲ್ ೨೬ರಂದು ಸಿಐಎಚ್ ಎಂಬ ವೈರಸ್ಸು ಅನೇಕ ಗಣಕಗಳ ಬಯೋಸನ್ನೇ ಕೆಡಿಸಿ ಅವುಗಳನ್ನು ಮೂಕವಾಗಿಸಿದ್ದುಂಟು. ಇಂದು ಈ ಸ್ಥಾನದಲ್ಲಿರುವುದು ಯುಇಎಫ್‌ಐ. ಹೆಸರು ಮಾತ್ರ ಹಳೆಯದೇ ಉಳಿದಿದೆ.

ಬದಲಿಸಲೇಬೇಕಾದಾಗ

ಹಳೆಯ ಬಯೋಸಿಗೆ ಹೊಸ ಪ್ರೊಸೆಸರಿನ ಪರಿಚಯವಿಲ್ಲದಿದ್ದರೆ ಬದಲಾವಣೆ ಅನಿವಾರ್ಯ. ಎಎಂಡಿಯ ರೈಜೆನ್ ೫೦೦೦ ಶ್ರೇಣಿ ೨೦೨೦ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದಿತು. ೨೦೧೮ರ ಬಿ೪೫೦ ಬೋರ್ಡಿನ ಸಾಕೆಟ್ಟಿನಲ್ಲಿ ಅದು ಸಲೀಸಾಗಿ ಕೂರುತ್ತದೆ. ಆದರೆ ಬಯೋಸು ಹಳೆಯದಾಗಿದ್ದರೆ ಪರದೆಯ ಮೇಲೆ ಬೆಳಕೇ ಮೂಡದು. ಆದುದರಿಂದ ಹಳೆಯ ಪ್ರೊಸೆಸರು ಇನ್ನೂ ಕೆಲಸ ಮಾಡುತ್ತಿರುವಾಗಲೇ ಬಯೋಸನ್ನು ಬದಲಿಸಿ, ಆಮೇಲೆ ಹೊಸದನ್ನು ಕೂರಿಸಬೇಕು. ಈ ಕ್ರಮ ತಪ್ಪಿದರೆ ಹಳೆಯದನ್ನೇ ಮತ್ತೆ ಕೂರಿಸಬೇಕಾಗುತ್ತದೆ. ಕೆಲವು ಬೋರ್ಡುಗಳಲ್ಲಿ ಮಾತ್ರ ಪ್ರೊಸೆಸರಿಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸನ್ನು ಬರೆಯುವ ಗುಂಡಿಯಿರುತ್ತದೆ.

ತಯಾರಕರು ಗಂಭೀರ ದೋಷವನ್ನು ಸಾರಿದಾಗಲೂ ತಡಮಾಡುವುದು ವಿವೇಕವಲ್ಲ. ಇಂಟೆಲ್ಲಿನ ೧೩ ಮತ್ತು ೧೪ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಮಿತಿಮೀರಿದ ವೋಲ್ಟೇಜಿನಿಂದ ಸವೆಯುತ್ತಿದ್ದವು. ೨೦೨೪ರಲ್ಲಿ ಅದಕ್ಕೆ ಪರಿಹಾರ ಬಂದದ್ದು ಬಯೋಸಿನ ಮೂಲಕವೇ. ಆದರೆ ಆಗಲೇ ಸವೆದ ಪ್ರೊಸೆಸರನ್ನು ಯಾವ ಬಯೋಸೂ ಸರಿಪಡಿಸಲಾರದು!

ಬಿಡಬಹುದಾದಾಗ

ಯಂತ್ರವು ನೆಮ್ಮದಿಯಿಂದ ನಡೆಯುತ್ತಿದೆ, ಸೇರಿಸಬೇಕಾದುದು ಒಂದು ಡಿಸ್ಕು ಮಾತ್ರ, ಹೊಸ ಆವೃತ್ತಿಯ ವಿವರಣೆಯಲ್ಲಿ ನಮಗೆ ಸಂಬಂಧಿಸಿದ ಸಂಗತಿಯಾಗಲಿ ಭದ್ರತೆಯ ಮಾತಾಗಲಿ ಇಲ್ಲ. ಹೀಗಿರುವಾಗ ಕೈಕಟ್ಟಿ ಕುಳಿತರೆ ನಷ್ಟವೇನೂ ಇಲ್ಲ. ಕೇವಲ ಹೊಸತೆಂಬ ಕಾರಣಕ್ಕಾಗಿ ಬದಲಿಸಬೇಕಾಗಿಲ್ಲ. ಕೆಲವು ಬೋರ್ಡುಗಳಲ್ಲಿ ಹೊಸ ಬಯೋಸು ಹಳೆಯ ಪ್ರೊಸೆಸರುಗಳನ್ನು ಕೈಬಿಡುವುದೂ, ಹಿಂದಿನ ಆವೃತ್ತಿಗೆ ಮರಳಲು ಆಸ್ಪದವಿಲ್ಲದಿರುವುದೂ ಉಂಟು. ತಯಾರಕರ ಪಟ್ಟಿಯನ್ನು ಓದದೆ ಮುಂದುವರಿಯಲಾಗದು.

ಬದಲಿಸುವ ಬಗೆ

ಬಯೋಸು ಬರೆಯುವಾಗ ಡಿಸ್ಕಿನಲ್ಲಿರುವುದು ಅಳಿಯದು. ಆದರೂ ಪ್ರತಿಯೊಂದನ್ನು ಬೇರೆಡೆ ತೆಗೆದಿರಿಸಿಯೇ ಕೆಲಸಕ್ಕೆ ಕೈಹಾಕಬೇಕು. ಡಿಸ್ಕಿಗೆ ಬಿಟ್‌ಲಾಕರಿನಂಥ ಬೀಗವಿದ್ದರೆ ಅದರ ಮರುಪ್ರಾಪ್ತಿಯ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಬಯೋಸೋ ಪ್ರೊಸೆಸರೋ ಬದಲಾದಾಗ ಯಂತ್ರವು ಅದನ್ನು ಕೇಳಬಹುದು. ಬೋರ್ಡಿನ ಮಾದರಿಯ ಜತೆಗೆ ಅದರ ಪರಿಷ್ಕರಣ ಸಂಖ್ಯೆಯನ್ನೂ ನೋಡಿ, ತಯಾರಕರಿಂದಲೇ ಕಡತವನ್ನು ಪಡೆಯಬೇಕು.

ಬರೆಯುವ ಕೆಲಸಕ್ಕೆ ಕೆಲವೇ ನಿಮಿಷಗಳು ಸಾಕು. ಆದರೆ ಆ ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಬೋರ್ಡು ನಿಶ್ಚೇಷ್ಟಿತವಾಗಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಯುಪಿಎಸ್ ಇಲ್ಲದೆ, ಮಳೆಗುಡುಗಿನ ಸಂಜೆಯಲ್ಲಿ ಈ ಕೆಲಸ ಸಲ್ಲದು. ಮುಗಿದ ಮೇಲೆ ಪರದೆ ಕೆಲವು ನಿಮಿಷ ಕಪ್ಪಾಗಿದ್ದರೂ ಗಾಬರಿಯಿಂದ ಗುಂಡಿ ಒತ್ತಬಾರದು. ಮೆಮೊರಿಯನ್ನು ಹೊಸದಾಗಿ ಅಣಿಗೊಳಿಸಲು ಅದಕ್ಕೆ ಸಮಯ ಬೇಕು.

ಹೊಸ ಬಯೋಸು ನಮ್ಮ ಹಳೆಯ ಆಯ್ಕೆಗಳನ್ನು ಮರೆತುಬಿಡುವುದು ಸಾಮಾನ್ಯ. ಕರೆಂಟು ಹೋಗಿ ಬಂದಾಗ ತಾನಾಗಿಯೇ ಎದ್ದು ನಿಲ್ಲುವ ಆಯ್ಕೆಯೂ ಅವುಗಳಲ್ಲೊಂದು. ಅದು ತಪ್ಪಿದರೆ ಮನೆಯವರು ಪರಊರಿನಲ್ಲಿರುವಾಗ ಸರ್ವರು ಮಲಗಿಯೇ ಇರುತ್ತದೆ. ಮೊದಲೇ ಪ್ರತಿಯೊಂದು ಪುಟದ ಚಿತ್ರ ತೆಗೆದಿಟ್ಟುಕೊಂಡರೆ ಈ ಕಷ್ಟವಿಲ್ಲ.

ಕೊನೆಯದಾಗಿ, ಬಯೋಸು, ಪ್ರೊಸೆಸರು, ಮೆಮೊರಿ ಎಲ್ಲವನ್ನೂ ಒಂದೇ ದಿನ ಬದಲಿಸಬಾರದು. ಹೊಸ ಬಯೋಸಿನೊಡನೆ ಹಳೆಯ ಪ್ರೊಸೆಸರು ಒಂದೆರಡು ದಿನ ದುಡಿಯಲಿ. ಅನಂತರ ತೊಡಕು ಬಂದರೆ ಅದರ ಮೂಲ ಯಾವುದೆಂದು ತಟ್ಟನೆ ತಿಳಿಯುತ್ತದೆ. ಮೂಲ ತಿಳಿದ ಮೇಲೆ ಪರಿಹಾರ ದೂರವಿರುವುದಿಲ್ಲ.