ಕರೆಂಟ್ ಕೊಡುವವರ ಡಿಗ್ರಿ

ಪಿಯು ಫಲಿತಾಂಶ ಬಂದಿತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಝೆರಾಕ್ಸ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಅಂಕಪಟ್ಟಿ, ಜಾತಿ–ಆದಾಯ ಪ್ರಮಾಣಪತ್ರ, 371(ಜೆ) ಸರ್ಟಿಫಿಕೇಟು ಹಿಡಿದು ಕಮಲಾಪುರ, ಆಳಂದ, ಚಿಂಚೋಳಿ ಕಡೆಯ ಮಕ್ಕಳು ಅಪ್ಪಂದಿರ ಜೊತೆ ನಿಂತಿರುತ್ತಾರೆ. ನೀಟ್‌ನಲ್ಲಿ ಅಂಕ ಸಾಲದವರ ಮಾತು ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಬಿಟ್ಟು ಆಚೆ ಹೋಗುವುದು ಕಡಿಮೆ. ಅಲೈಡ್ ಹೆಲ್ತ್ ಕೋರ್ಸ್‌ಗಳ ಪಟ್ಟಿಯಲ್ಲಿ ‘ಬಿ.ಎಸ್ಸಿ. ರೇಡಿಯೋಥೆರಪಿ ಟೆಕ್ನಾಲಜಿ’ ಎಂಬ ಹೆಸರೂ ಇರುತ್ತದೆ. ಅದನ್ನು ಎಕ್ಸ್‌ರೇ ಕೋರ್ಸ್ ಎಂದುಕೊಂಡು ದಾಟಿ ಹೋಗುವವರೇ ಬಹಳ.

ಎಕ್ಸ್‌ರೇ, ಸಿ.ಟಿ. ತೆಗೆಯುವವರು ಇಮೇಜಿಂಗ್ ಓದಿದವರು; ರೋಗ ಎಲ್ಲಿದೆ ಎಂದು ಕಾಣಿಸುವುದು ಅವರ ಕೆಲಸ. ರೇಡಿಯೋಥೆರಪಿ ಓದಿದವರು ಕ್ಯಾನ್ಸರ್ ರೋಗಿಗೆ ವಿಕಿರಣ ಚಿಕಿತ್ಸೆ ಕೊಡುವವರು, ನಮ್ಮ ಜನ ಹೇಳುವ ಹಾಗೆ ‘ಕರೆಂಟ್ ಕೊಡುವವರು’. ಎಷ್ಟು ಡೋಸ್, ಯಾವ ಭಾಗಕ್ಕೆ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಕಿರಣ ಯಾವ ಕೋನದಿಂದ ಹೋಗಬೇಕೆಂಬ ಲೆಕ್ಕ ಮೆಡಿಕಲ್ ಫಿಜಿಸಿಸ್ಟ್ ಅವರದು. ದಿನವೂ ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಆ ಲೆಕ್ಕವನ್ನು ಮಿಲಿಮೀಟರ್ ತಪ್ಪದಂತೆ ದೇಹಕ್ಕೆ ಮುಟ್ಟಿಸುವವರು ಟೆಕ್ನಾಲಜಿಸ್ಟ್.

ಗುಟ್ಕಾ, ತಂಬಾಕು ಜಗಿದು ಬಾಯಿಯ ಕ್ಯಾನ್ಸರ್ ತಂದುಕೊಂಡ ಒಬ್ಬ ರೋಗಿಯನ್ನು ನೆನೆಯಿರಿ. ಮೊದಲ ದಿನ ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅದ್ದುತ್ತಾರೆ. ಅದು ನಾದಿದ ರೊಟ್ಟಿ ಹಿಟ್ಟಿನಷ್ಟು ಮೆತ್ತಗಾದಾಗ ಮುಖದ ಮೇಲೆಳೆದು ಅಚ್ಚು ತೆಗೆಯುತ್ತಾರೆ. ತಣಿದು ಗಟ್ಟಿಯಾದ ಆ ಮುಖವಾಡವೇ ಮುಂದೆ ಆರೇಳು ವಾರ ತಲೆ ಅಲುಗದಂತೆ ಹಿಡಿದಿಡುತ್ತದೆ. ವಾರಕ್ಕೆ 5 ದಿನ, ದಿನಕ್ಕೆ ಸಾಮಾನ್ಯವಾಗಿ 2 ಗ್ರೇ ಡೋಸ್. ಒಟ್ಟು 30ರಿಂದ 35 ಸಲ. ಗೋಡೆಯ ಲೇಸರ್ ಗೆರೆಗೆ ಗುರುತುಗಳನ್ನು ಹೊಂದಿಸಿ, ಚಿತ್ರ ತೆಗೆದು ನೋಡಿ, ಕೋಣೆಯಿಂದ ಹೊರಬಂದು ಬಾಗಿಲು ಹಾಕುತ್ತಾರೆ. ಆ ಕೋಣೆಯ ಕಾಂಕ್ರೀಟ್ ಗೋಡೆ ಕೆಲವೆಡೆ 2 ಮೀಟರಿಗೂ ದಪ್ಪ. ಕಿರಣ ಬೀಳುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಹೊಂದಿಸುವುದಕ್ಕೇ ಹೋಗುತ್ತದೆ.

ಹೊಂದಿಸುವುದೆಂದರೆ ಯಂತ್ರವೊಂದನ್ನೇ ಅಲ್ಲ, ಮನುಷ್ಯರನ್ನೂ ಹೌದು. ಮುಖವಾಡದೊಳಗೆ ಉಸಿರು ಕಟ್ಟಿದಂತಾಗಿ ಹೆದರುವ ಅಜ್ಜಿಗೆ ‘ಯವ್ವಾ, ಅಲುಗಾಡಬ್ಯಾಡ್ರಿ, ಎರಡೇ ನಿಮಿಷ’ ಎನ್ನಬೇಕು. ಮುಂದಿನವರಿಗೆ ‘ಹಿಲೋ ನಕ್ಕೊ ಅಮ್ಮಾ’. ಗಡಿಯಾಚೆಯಿಂದ ಬಂದವರಿಗೆ ತೆಲುಗು, ಮರಾಠಿ. ಈ ನಾಲ್ಕು ಭಾಷೆ ಕಿವಿಗೆ ಬಿದ್ದೇ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಇದು ಯಾವ ಪಠ್ಯದಲ್ಲೂ ಸಿಗದ ಅರ್ಹತೆ. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ ಅಷ್ಟೇ.

ಒಂದು ದಿನ ತಪ್ಪಿದರೇನು ಎಂದು ಕೇಳುವವರಿದ್ದಾರೆ. ತಲೆ–ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಲಂಬಿಸಿದ ಒಂದೊಂದು ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇ 1ರ ಆಸುಪಾಸು ಇಳಿಯುತ್ತದೆಂದು ವೈದ್ಯಶಾಸ್ತ್ರ ಲೆಕ್ಕ ಹಾಕಿದೆ. ಆದ್ದರಿಂದಲೇ ಊರಿನ ಹತ್ತಿರ ಯಂತ್ರ ಇರಬೇಕು, ಅದನ್ನು ನಡೆಸುವವರೂ ಇರಬೇಕು. ಕಮಲಾಪುರದಿಂದ ಕಲಬುರಗಿ ಸುಮಾರು 35 ಕಿ.ಮೀ.; ಬೆಳಿಗ್ಗೆ ಬಸ್ಸು ಹತ್ತಿ, ಚಿಕಿತ್ಸೆ ಮುಗಿಸಿ ಸಂಜೆಗೆ ಮನೆ ಸೇರಬಹುದು. ಬೆಂಗಳೂರಾದರೆ ಒಂದೂವರೆ ತಿಂಗಳು ಜೊತೆಗೊಬ್ಬರು ಹೊಲ–ಕೂಲಿ ಬಿಟ್ಟು ಅಲ್ಲೇ ಕೂರಬೇಕು. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಕಲಬುರಗಿಯಲ್ಲಿ ಶಾಖಾ ಕೇಂದ್ರ ತೆರೆದದ್ದರ ಬೆಲೆ ತಿಳಿಯುವುದು ಈ ಬಸ್ ಟಿಕೆಟ್ಟಿನ ಲೆಕ್ಕದಲ್ಲಿ.

ಓದಿನ ವಿಷಯ. ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಮೂರು ವರ್ಷ ಓದು, ಮೇಲೊಂದು ವರ್ಷ ಇಂಟರ್ನ್‌ಷಿಪ್. ಮೊದಲು ಅಂಗರಚನೆ, ಶರೀರಕ್ರಿಯೆ. ಆಮೇಲೆ ವಿಕಿರಣ ಭೌತಶಾಸ್ತ್ರ, ಯಂತ್ರಗಳು, ಚಿಕಿತ್ಸಾ ವಿಧಾನ. ಜೀವಶಾಸ್ತ್ರ ಇಷ್ಟ, ಫಿಜಿಕ್ಸ್ ಕಷ್ಟ ಎನ್ನುವವರು ಇಲ್ಲಿ ಒದ್ದಾಡುತ್ತಾರೆ. ಕೆಲವು ಯಂತ್ರಗಳಲ್ಲಿ ಕಿರಣದ ಮೂಲವಾದ ಕೋಬಾಲ್ಟ್–60ರ ಅರ್ಧಾಯುಷ್ಯ 5.27 ವರ್ಷ, ಮೂಲ ಕ್ಷೀಣಿಸಿದಂತೆ ಅದೇ ಡೋಸಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ ಎಂಬುದು ಅರ್ಥವಾಗದೆ ಮುಂದೆ ಹೋಗುವಂತಿಲ್ಲ. ಅಂಥ ಕೋಬಾಲ್ಟ್ ಯಂತ್ರವೊಂದನ್ನು, ಭಾಭಾಟ್ರಾನ್ ಎಂಬ ಹೆಸರಿನಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದೆ. ತಯಾರಾಗುವುದು ಬೆಂಗಳೂರಿನ ಪ್ಯಾನೇಸಿಯಾ ಕಂಪನಿಯಲ್ಲಿ. ಈಗ ಹೆಚ್ಚುತ್ತಿರುವುದು ವಿದ್ಯುತ್ತಿನಿಂದ ಕಿರಣ ಹುಟ್ಟಿಸುವ ಲೀನಿಯರ್ ಆಕ್ಸಿಲರೇಟರ್. ಸ್ವಿಚ್ ಆರಿಸಿದರೆ ಅದರ ಚಿಕಿತ್ಸೆಯ ಕಿರಣ ನಿಂತಿತು.

ತಾಯಂದಿರ ಅಂಜಿಕೆ ಬೇರೆ: ‘ಮಗಳಿಗೆ ಮುಂದ ಮಕ್ಕಳಾಗ್ತಾವೇನು?’ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಾರದು, ಅಂಕಿಯಲ್ಲೇ ಉತ್ತರಿಸಬೇಕು. 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ ಈ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ ಹಾಕಿದೆ. ಯಾವ ವರ್ಷವೂ 30 ದಾಟುವಂತಿಲ್ಲ. ಜಗತ್ತಿನ ಸರಾಸರಿ ಮನುಷ್ಯನಿಗೆ ನೆಲ, ಗಾಳಿ, ಆಕಾಶದಿಂದ ತಾನಾಗಿ ಬರುವುದೇ ವರ್ಷಕ್ಕೆ ಸುಮಾರು 2.4. ಮೈಗೆ ಬಿದ್ದ ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಟಿ.ಎಲ್.ಡಿ. ಬ್ಯಾಡ್ಜನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸುತ್ತಾರೆ. ಗರ್ಭಿಣಿಯೆಂದು ತಿಳಿಸಿದ ಮೇಲೆ ಮಿತಿ ಇನ್ನೂ ಬಿಗಿಯಾಗುತ್ತದೆ. ನಿಯಮ ಪಾಲಿಸುವ ಕಡೆ ಕೆಲಸ ಮಾಡುವವರಿಗೆ ಅಂಜಿಕೆಯ ಕಾರಣವಿಲ್ಲ. ಬ್ಯಾಡ್ಜ್ ಕೊಡದ ಆಸ್ಪತ್ರೆಯಲ್ಲಿ ಮಾತ್ರ ಒಂದು ದಿನವೂ ನಿಲ್ಲಬಾರದು.

ಸಂಬಳದ ಬಗ್ಗೆ ಸುಳ್ಳು ಆಸೆ ಹುಟ್ಟಿಸಲಾರೆ. ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಪಗಾರ ದೊಡ್ಡದಲ್ಲ, ಸರ್ಕಾರಿ ಹುದ್ದೆ ಅಪರೂಪ. ಅನುಭವ ಕೂಡಿದಂತೆ ಬಾಗಿಲು ತೆರೆಯುತ್ತವೆ. ವಿಕಿರಣ ಯಂತ್ರವನ್ನು ಅರ್ಹತೆ ಇಲ್ಲದವರ ಕೈಗೆ ಕೊಡಲು ನಿಯಂತ್ರಣ ಮಂಡಳಿ ಒಪ್ಪುವುದಿಲ್ಲ. ಎಕ್ಸ್‌ರೇ ಕಲಿತವರನ್ನು ತಂದು ಇಲ್ಲಿ ನಿಲ್ಲಿಸುವಂತಿಲ್ಲ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯಲ್ಲಿ ಈ ವೃತ್ತಿಗೂ ಸ್ಥಾನ ಸಿಕ್ಕಿದೆ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಅಡಿ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು ಎಂಬುದನ್ನೂ ಮರೆಯಬೇಡಿ.

ಕಾಲೇಜು ಆರಿಸುವಾಗ ಕಟ್ಟಡ, ಹಾಸ್ಟೆಲ್, ಬ್ರೋಷರ್ ನೋಡಿ ಮರುಳಾಗಬೇಡಿ. ಯಂತ್ರವಿಲ್ಲದ ಕಾಲೇಜು ಈ ಡಿಗ್ರಿಯನ್ನು ಕಲಿಸಲಾರದು. ನಿಮ್ಮಲ್ಲಿ ಚಿಕಿತ್ಸಾ ಯಂತ್ರ ಇದೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಅಲ್ಲಿ ದಿನಕ್ಕೆ ಎಷ್ಟು ರೋಗಿಗಳು ಎಂದು ಕೇಳಿ. ಹಿಂದಿನ ವರ್ಷ ಸೇರಿದ ಒಬ್ಬ ವಿದ್ಯಾರ್ಥಿಯ ಜೊತೆಯೂ ಮಾತಾಡಿ. ನೇರ ಉತ್ತರ ಬಾರದಿದ್ದರೆ ಫೀ ಕಟ್ಟದೆ ಎದ್ದು ಬನ್ನಿ.