ಕೋವಿಯ ಹಿಡಿಮರ: ಗಟ್ಟಿ ಮರವೊಂದೇ ಸಾಲದು

ನಮ್ಮ ವಾಚನಾಲಯಕ್ಕೆ ಪ್ರತಿ ಭಾನುವಾರ ತಪ್ಪದೆ ಬರುವ ಕೊಡಗಿನ ಗೆಳೆಯರೊಬ್ಬರು ಎರಡು ವರ್ಷದ ಹಿಂದೆ ಊರಿನಿಂದ ಹಿಂತಿರುಗುವಾಗ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ಮರವನ್ನು ತಂದರು. ಬಿಚ್ಚಿ ನೋಡಿದರೆ ಅದು ಅವರ ಮನೆತನದ ಹಳೆಯ ರೈಫಲಿನ ಹಿಡಿಮರ, ಎಂದರೆ ಭುಜಕ್ಕೆ ಆನಿಸುವ ಬುಡದಿಂದ ನಳಿಗೆಯ ಕೆಳಗಿನವರೆಗೆ ಒಂದೇ ತುಂಡಾಗಿರುವ ಮರದ ಭಾಗ. ಉಕ್ಕಿನ ಭಾಗವೆಲ್ಲ ಊರಲ್ಲೇ ಉಳಿದಿತ್ತು. ಬಂದದ್ದು ಮರ ಮಾತ್ರ. ಕೈಯಿಂದ ಹಿಡಿಯುವ ಕತ್ತಿನ ಬಳಿ ಅದು ಉದ್ದಕ್ಕೆ ಸೀಳಿತ್ತು.

ನಮ್ಮ ತಂದೆಯವರು ಬಡಗಿಗಳು. ನಾನು ಗಿರಣಿಯಲ್ಲಿ ಲೆಕ್ಕ ಬರೆಯುವವನಾದರೂ ಉಳಿ, ಗರಗಸಗಳ ನಂಟು ಬಿಟ್ಟಿಲ್ಲ. ಇದನ್ನು ತಿಳಿದೇ ಗೆಳೆಯರು ಕೇಳಿದರು: "ಇದರಂತೆಯೇ ಇನ್ನೊಂದನ್ನು ಮಾಡಲಾದೀತೇ? ಈ ಸಲ ಬೀಟೆಯಲ್ಲಿ ಮಾಡೋಣ, ಮತ್ತೆ ಸೀಳಬಾರದು." ಆ ಕೆಲಸದಲ್ಲಿ ನಾನು ಕಲಿತದ್ದನ್ನು ವಾಚಕ ಬಂಧುಗಳ ಮುಂದೆ ಇಡುತ್ತೇನೆ.

ಮೊದಲು ಕೋವಿಯ ಮಾತು. ಕೊಡವರ ಮನೆಯಲ್ಲಿ ಅದು ಬೇಟೆಯ ಸಾಮಾನು ಮಾತ್ರವಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯುಂಟು. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಗೆಳೆಯರ ತಂದೆಗೆ ಎಂಬತ್ತು ದಾಟಿದೆ. ತಮ್ಮ ಕಣ್ಣ ಮುಂದೆಯೇ ಕೋವಿ ಮತ್ತೆ ಹಬ್ಬಕ್ಕೆ ನಿಲ್ಲಬೇಕೆಂಬುದು ಅವರ ಆಸೆ.

ಆದರೆ ವಿನಾಯಿತಿ ಇರುವುದು ಕೋವಿಯನ್ನು ಇಟ್ಟುಕೊಳ್ಳಲು. ಕೋವಿಯ ದುರಸ್ತಿಗೆ 1959ರ ಶಸ್ತ್ರ ಕಾಯ್ದೆಯಂತೆ ಬೇರೆಯೇ ಪರವಾನಗಿ ಬೇಕು. ಆದುದರಿಂದ ಉಕ್ಕನ್ನು ಮರದಲ್ಲಿ ಕೂರಿಸುವ ಕೆಲಸವನ್ನೆಲ್ಲ ಕೊಡಗಿನಲ್ಲಿ ಪರವಾನಗಿಯುಳ್ಳ ಕೋವಿ ಕಸುಬುದಾರರೇ ಮಾಡುವುದು, ಮರದ ಹೊರಮೈಯನ್ನು ಮಾತ್ರ ನಾನು ತಿದ್ದುವುದು ಎಂದು ಮೊದಲೇ ಗೊತ್ತುಮಾಡಿಕೊಂಡೆವು.

ಇನ್ನು ಮರದ ವಿಚಾರ. ಲೋಕದಲ್ಲಿ ರೈಫಲಿಗೆ ಹೆಸರಾದ ಮರ ಅಕ್ರೋಟು. ಅದು ಹೆಚ್ಚು ಗಟ್ಟಿಯೂ ಅಲ್ಲ, ಮೆದುವೂ ಅಲ್ಲ. ಒಂದು ಘನ ಮೀಟರಿಗೆ ಸುಮಾರು 640 ಕಿಲೋ ತೂಗುತ್ತದೆ. ಒಮ್ಮೆ ಒಣಗಿದರೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ, ಉಳಿಗೆ ಒಪ್ಪುತ್ತದೆ, ಒದೆತವನ್ನು ತಾಳುತ್ತದೆ. ಆಸ್ಟ್ರೇಲಿಯದ ಲಿತ್‌ಗೋದಲ್ಲಿ 1912ರಲ್ಲಿ ತೆರೆದ ರೈಫಲ್ ಕಾರ್ಖಾನೆಯವರು ತಮ್ಮ ನಾಡಿನ ಕೋಚ್‌ವುಡ್ ಮರವನ್ನು ಬಳಸಿದರು. ಅದೂ ಹೆಚ್ಚುಕಡಿಮೆ ಅಕ್ರೋಟಿನಷ್ಟೇ ತೂಕದ್ದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಬೀಚ್ ಮರದ ತೆಳುಪದರಗಳನ್ನು ಅಂಟಿಸಿ ಹಿಡಿಮರ ಮಾಡಿದರು. ಅತಿ ಗಟ್ಟಿ ಮರವನ್ನು ಇವರಾರೂ ಹುಡುಕಿಕೊಂಡು ಹೋಗಲಿಲ್ಲ.

ಬೀಟೆ ಘನ ಮೀಟರಿಗೆ ಸುಮಾರು 850 ಕಿಲೋ ತೂಗುತ್ತದೆ. ಅಕ್ರೋಟಿನಲ್ಲಿ ಒಂದು ಕಿಲೋ ಆಗುವ ಹಿಡಿ ಬೀಟೆಯಲ್ಲಿ ಒಂದೂಕಾಲು ಕಿಲೋ ಮೀರುತ್ತದೆ. ಭಾರ ಹೆಚ್ಚಿದ್ದರೆ ಭುಜಕ್ಕೆ ಬೀಳುವ ಒದೆ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನಿಜ. ಹೊತ್ತು ನಡೆಯುವವನ ತೋಳಿಗೆ ಶ್ರಮ ಎಂಬುದೂ ನಿಜ.

ಹಳೆಯ ಮರ ಸೀಳಿದ್ದೇಕೆ? ಮೆದು ಮರವಾದ್ದರಿಂದ ಸೀಳಿತು ಎಂದೇ ನಾವಿಬ್ಬರೂ ತಿಳಿದಿದ್ದೆವು. ಕಸುಬುದಾರರು ಅದನ್ನು ನೋಡಿ ಬೇರೆಯೇ ಕಾರಣ ಹೇಳಿದರು. ಗುಂಡು ಮುಂದಕ್ಕೆ ಹಾರಿದಾಗ ಉಕ್ಕಿನ ಭಾಗ ಹಿಂದಕ್ಕೆ ಒದೆಯುತ್ತದೆ. ಆ ಒದೆಯನ್ನು ತಾಳಬೇಕಾದದ್ದು ಸ್ಕ್ರೂಗಳಲ್ಲ. ಉಕ್ಕಿನ ಅಡಿಯಲ್ಲಿ ಹಲ್ಲಿನಂತೆ ಇಳಿದಿರುವ ಒಂದು ಗಟ್ಟು, ಮತ್ತು ಅದರ ಬೆನ್ನಿಗೆ ಆನಿಕೊಂಡಿರುವ ಮರ. ಈ ಕೋವಿಯನ್ನು ವರ್ಷಗಟ್ಟಲೆ ಬಾಯಿ ಮೇಲಾಗಿ ನಿಲ್ಲಿಸಿ ಇಟ್ಟಿದ್ದರು. ನಳಿಗೆಗೆ ಬಳಿದ ಎಣ್ಣೆ ಇಳಿದಿಳಿದು ಗಟ್ಟಿನ ಹಿಂದಿನ ಮರ ನೆನೆದು ಮೆತ್ತಗಾಗಿ ಸವೆದಿತ್ತು. ಆಮೇಲೆ ಒದೆಯೆಲ್ಲ ಉಕ್ಕಿನ ಹಿಂದಿನ ಬಾಲಕ್ಕೆ ಬಿತ್ತು. ಆ ಸಪೂರ ಬಾಲ ಪ್ರತಿ ಗುಂಡಿಗೂ ಬೆಣೆಯ ಹಾಗೆ ಕತ್ತಿನೊಳಗೆ ನುಗ್ಗಿ ಕೊನೆಗೆ ಮರವನ್ನು ಸೀಳಿತು. ಹೀಗೆ ಕೂರಿಸಿದರೆ ಬೀಟೆಯೂ ಸೀಳುವುದೇ.

ಗೆಳೆಯರ ಮನೆಯ ದುರಸ್ತಿಯಲ್ಲಿ ತೆಗೆದ ಹಳೆಯ ಬೀಟೆಯ ತೊಲೆಯೊಂದಿತ್ತು. ಬೀಟೆಯನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಕಾಗದ ಮಾಡಿಸಿಕೊಂಡೇ ಎರಡು ತುಂಡು ತಂದರು. ಹೊಸ ಮರವಾದರೆ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಿಸಬೇಕೆಂಬುದು ಬಡಗಿಗಳ ಲೆಕ್ಕ. ಹಳೆಯ ಮರವನ್ನೂ ಕುರುಡಾಗಿ ನಂಬಬಾರದು. ತಿಂಗಳಿಗೊಮ್ಮೆ ತೂಗಿ ಬರೆದಿಟ್ಟುಕೊಂಡು, ತೂಕ ಇಳಿಯುವುದು ನಿಂತ ಮೇಲೆಯೇ ಗರಗಸ ಹಚ್ಚಬೇಕು.

ಮೊದಲ ತುಂಡನ್ನು ನಾನೇ ಕೆಡಿಸಿದೆ. ಅದರ ಒಂದು ಬದಿಯಲ್ಲಿ ಕಪ್ಪು ಗೆರೆಗಳು ಬಹಳ ಚೆನ್ನಾಗಿದ್ದವು. ಆ ಗೆರೆಗಳು ಬುಡದಲ್ಲಿ ಕಾಣಲೆಂದು ಮಾದರಿಯನ್ನು ಓರೆಯಾಗಿ ಇಟ್ಟು ಕೊಯ್ದೆ. ಬುಡವೇನೋ ಅಂದವಾಯಿತು. ಆದರೆ ಕತ್ತಿನಲ್ಲಿ ಮರದ ನಾರು ಅಡ್ಡ ಹಾಯ್ದಿತ್ತು. ಹಿಡಿಮರದಲ್ಲಿ ಅತಿ ಸಪೂರವಾದದ್ದು ಕತ್ತು. ಹೆಚ್ಚು ಬಾಗಿ ತಾಳಬೇಕಾದದ್ದೂ ಅದೇ. ಅಲ್ಲಿ ನಾರು ಈ ತುದಿಯಿಂದ ಆ ತುದಿಗೆ ಕಡಿಯದೆ ಹರಿಯಬೇಕು. ನಳಿಗೆಯ ಕೆಳಗೆ ನಳಿಗೆಗೆ ಸಮನಾಗಿ ಹೋಗಬೇಕು. ನಾರು ಅಡ್ಡವಾದರೆ ಮರ ಎಷ್ಟೇ ಗಟ್ಟಿಯಿರಲಿ, ನೆಲಕ್ಕೆ ಬಿದ್ದ ದಿನ ಮುರಿಯುತ್ತದೆ. ಕಸುಬುದಾರರು ಆ ತುಂಡನ್ನು ಮುಟ್ಟದೆ ಹಿಂದಕ್ಕೆ ಕಳಿಸಿದರು. ಈಗ ಅದು ನನ್ನ ಉಳಿಗಳ ಹಿಡಿಯಾಗಿದೆ.

ಎರಡನೆಯದು ನನ್ನ ಇನ್ನೊಂದು ಅಜ್ಞಾನವನ್ನು ತಿದ್ದಿತು. ಹೊರಗಿನ ಆಕಾರ ಮೊದಲು, ಒಳಗಿನ ಕೊರೆತ ಆಮೇಲೆ ಎಂದು ನಾನು ತಿಳಿದಿದ್ದೆ. ಕ್ರಮ ಅದರ ತಿರುವು. ಚೌಕದ ತುಂಡು ಚೌಕವಾಗಿ ಇರುವಾಗಲೇ ಉಕ್ಕನ್ನು ಕೂರಿಸಬೇಕು. ಆಗ ಅಳತೆಗೆ ನೇರ ಅಂಚುಗಳು ಸಿಗುತ್ತವೆ. ಹೊರಮೈಯನ್ನು ಆಮೇಲೆ ಉಕ್ಕಿಗೆ ಅನುಸರಿಸಿ ಇಳಿಸುವುದು. ಕೂರಿಸುವ ಬಗೆ ಹೀಗೆ: ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲೆಸಿ ಉಕ್ಕಿಗೆ ತೆಳ್ಳಗೆ ಬಳಿದು ಮರಕ್ಕೆ ಒತ್ತುತ್ತಾರೆ. ಕಪ್ಪು ಹತ್ತಿದಲ್ಲಿ ಮಾತ್ರ ಉಳಿಯಿಂದ ಕಾಗದದಷ್ಟು ಹೆರೆಯುತ್ತಾರೆ, ಮತ್ತೆ ಒತ್ತುತ್ತಾರೆ. ನೂರು ಸಲವಾದರೂ ಆಯಿತು. ಕೊನೆಗೆ ಗಟ್ಟಿನ ಬೆನ್ನು ಪೂರ್ತಿ ಮರಕ್ಕೆ ಆನಿರಬೇಕು. ಬಾಲದ ಹಿಂದೆ ಮಾತ್ರ ಕೂದಲೆಳೆಯಷ್ಟು ಜಾಗ ಬಿಡಬೇಕು. ಆ ಜಾಗವೇ ಮರವನ್ನು ಕಾಯುವುದು.

ಇಲ್ಲಿ ಗಟ್ಟಿ ಮರದ ಸ್ವಭಾವ ತಿಳಿಯುತ್ತದೆ. ಮೆದು ಮರದಲ್ಲಿ ಕೂಡಿಕೆ ಸ್ವಲ್ಪ ತಪ್ಪಿದ್ದರೂ ಅದುಮಿಕೊಂಡು ಸರಿಹೋಗುತ್ತದೆ. ಬೀಟೆ ಅದುಮಿಕೊಳ್ಳುವುದಿಲ್ಲ. ಒಂದು ಕಡೆ ಮುಟ್ಟಿ ಇನ್ನೊಂದು ಕಡೆ ಮುಟ್ಟದಿದ್ದರೆ, ಮುಟ್ಟಿದ ಕಡೆಯೇ ಎಲ್ಲ ಒದೆಯನ್ನೂ ತಿಂದು ಬಿರುಕು ಬಿಡುತ್ತದೆ. ಗಟ್ಟಿ ಮರ ತಪ್ಪನ್ನು ಕ್ಷಮಿಸುವುದಿಲ್ಲ.

ಒಳಗಿನ ಕೊರೆತ ಮುಗಿದ ಮರ ನನ್ನ ಕೈಗೆ ಬಂದ ಮೇಲೆ ನಾಲ್ಕು ತಿಂಗಳು ರಜೆಯ ದಿನಗಳಲ್ಲಿ ಹೊರಮೈಯನ್ನು ಇಳಿಸಿದೆ. ಬೀಟೆಯ ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಉಜ್ಜುಗೊರಡು ಹಚ್ಚಿದರೆ ಒಂದು ಗೇಣು ನಯವಾಗಿ ಬಂದು ಮುಂದಿನ ಗೇಣಿನಲ್ಲಿ ಕಿತ್ತು ಬರುತ್ತದೆ. ಆದ್ದರಿಂದ ಮೊದಲು ಒರಟು ಅರ, ಆಮೇಲೆ ನಯ ಅರ, ಕೊನೆಗೆ ಹಳೆಯ ಗರಗಸದ ಅಲಗಿನಿಂದ ಮಾಡಿದ ಹೆರೆಯುವ ತಗಡು. ಅಲಗನ್ನು ಗಂಟೆಗೆ ಎರಡು ಸಲ ಮಸೆಯಬೇಕು. ಸ್ಕ್ರೂ ಹಾಕುವಾಗ ಬೈರಿಗೆಯಿಂದ ತಕ್ಕ ತೂತು ಕೊರೆದು, ಮೊದಲು ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಆಮೇಲೆ ಹಿತ್ತಾಳೆಯದಕ್ಕೆ ಸ್ವಲ್ಪ ಮೇಣ ಹಚ್ಚಿ ಹಾಕಬೇಕು. ಇಲ್ಲದಿದ್ದರೆ ಹಿತ್ತಾಳೆಯ ತಲೆ ಕಡಿದು ಕೈಯಲ್ಲಿ ಉಳಿಯುತ್ತದೆ.

ದೂಳಿನ ಬಗ್ಗೆ ಒಂದು ಮಾತು. ಗಿರಣಿಯ ಹತ್ತಿಯ ದೂಳಿಗೆ ಹೆದರುವ ನಾನು ಮರದ ದೂಳನ್ನು ಅಲಕ್ಷ್ಯ ಮಾಡಿದೆ. ಎರಡನೆಯ ವಾರಕ್ಕೇ ಮುಂಗೈ ತುಂಬ ತುರಿಕೆ, ಕೆಂಪು ಗಂದೆ. ಬೀಟೆಯ ಜಾತಿಯ ಮರಗಳ ದೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಮೂಗಿಗೆ ಮುಸುಕು, ಉದ್ದ ತೋಳಿನ ಅಂಗಿ, ಕೆಲಸದ ನಂತರ ಸ್ನಾನ, ಇವು ಕಡ್ಡಾಯ.

ಕೊನೆಗೆ ಅಗಸೆ ಎಣ್ಣೆ. ಬೀಟೆಯಲ್ಲಿ ತನ್ನದೇ ಎಣ್ಣೆಯಿರುವುದರಿಂದ ಮೊದಲು ಸ್ಪಿರಿಟ್ಟಿನಿಂದ ಒರೆಸಬೇಕು. ಮತ್ತೆ ಕುದಿಸಿದ ಅಗಸೆ ಎಣ್ಣೆಯನ್ನು ಬೆರಳಿನಿಂದ ತೆಳ್ಳಗೆ ತಿಕ್ಕಿ, ಒಣಗಿದ ಮೇಲೆ ಇನ್ನೊಂದು ಪದರ. ಹೀಗೆ ಎಂಟು ಹತ್ತು ಸಲ. ಒಳಗಿನ ಕೊರೆತಕ್ಕೂ ಹಚ್ಚತಕ್ಕದ್ದು. ಕೊಡಗಿನ ಮಳೆಯಲ್ಲಿ ಮರ ತೇವ ಹೀರಿ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿ ತಪ್ಪುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ನೀರಲ್ಲಿ ಅದ್ದಿಡಿ.

ಹಳೆಯ ಮಗ್ಗಗಳ ಲಾಳಿಯನ್ನು ಅಮೆರಿಕದ ಪರ್ಸಿಮನ್ ಎಂಬ ಗಟ್ಟಿ ಮರದಿಂದ ಮಾಡುತ್ತಿದ್ದರು. ಇದು ನಮ್ಮ ಬೀಡಿ ಎಲೆಯ ಮರದ ಕುಲದ್ದೇ. ಲಾಳಿ ದಿನವಿಡೀ ಉಜ್ಜಿಕೊಂಡು ಓಡಬೇಕು; ಅಲ್ಲಿ ಸವೆಯದ ಗಟ್ಟಿತನವೇ ಮುಖ್ಯ. ಹಿಡಿಮರದ ಕೆಲಸ ಬೇರೆ, ಅದು ಒದೆ ತಿಂದು ನಿಲ್ಲಬೇಕು. ಮರ ಆರಿಸುವಾಗ ಅದು ಎಷ್ಟು ಗಟ್ಟಿ ಎಂದು ಕೇಳುವ ಮೊದಲು ಅದು ಮಾಡಬೇಕಾದ ಕೆಲಸವೇನು, ನಾರು ಎತ್ತ ಹರಿದಿದೆ ಎಂದು ಕೇಳಿಕೊಳ್ಳಬೇಕು. ಗುದ್ದಲಿಯ ಕಾವು, ಕೊಡಲಿಯ ಹಿಡಿ ಮಾಡುವವರಿಗೂ ಇದೇ ಮಾತು ಸಲ್ಲುತ್ತದೆ.

ಕಳೆದ ಕೈಲ್‌ಪೊಳ್ದಿಗೆ ಕೋವಿ ಹೊಸ ಹಿಡಿಯೊಡನೆ ಪೂಜೆಗೆ ನಿಂತಿತು. ಗೆಳೆಯರ ತಂದೆ ಅದನ್ನು ಎತ್ತಿ, "ಭಾರ ಸ್ವಲ್ಪ ಹೆಚ್ಚಾಯಿತು" ಎಂದರಂತೆ. ಆಮೇಲೆ ಬಹಳ ಹೊತ್ತು ಕತ್ತಿನ ಮೇಲೆ ಹೆಬ್ಬೆರಳು ಆಡಿಸುತ್ತ ಕುಳಿತಿದ್ದರಂತೆ. ಈಗ ಕೋವಿಯನ್ನು ಬಾಯಿ ಕೆಳಗಾಗಿ ಇಡುತ್ತಾರೆ. ಹಳೆಯ ಸೀಳಿದ ಮರ ನಮ್ಮ ವಾಚನಾಲಯದ ಕಪಾಟಿನ ಮೇಲಿದೆ. ನೋಡಬೇಕೆನ್ನುವವರು ಭಾನುವಾರ ಬಂದರೆ ಬಾಲ ನುಗ್ಗಿದ ಗುರುತನ್ನು ತೋರಿಸುತ್ತೇನೆ. ಬರೆದುದರಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ವಿನಂತಿ.